ಅಜ್ಜನ ತಗಡಿನ ಡಬ್ಬಿಯಲ್ಲಿ ಸಿಕ್ಕ ನಾಣ್ಯಗಳು, ಇವು ಯಾವ ದೇಶದವು?

ಕೋಡಿಬಾಗ್ ಹುಡುಗ
ನಮಸ್ಕಾರ ಎಲ್ಲರಿಗೂ. ನಾನು ಕಾರವಾರದವನು, ಇಲ್ಲಿಗೆ ಹೊಸಬ. ಹೋದ ವಾರ ಹಳೇ ಮನೆಯ ಹಂಚು ಕೈಯಾಡಿಸುವಾಗ ಅಟ್ಟದ ಮೇಲೆ ಅಜ್ಜನ ತಗಡಿನ ಬಿಸ್ಕತ್ತು ಡಬ್ಬಿ ಸಿಕ್ಕಿತು. ಒಳಗೆ ಬಲೆ ಹೊಲಿಯುವ ಸೂಜಿ, ಸೀಸದ ಗುಂಡು, ಗಾಳದ ಕೊಕ್ಕೆಗಳು, ಅದರ ಅಡಿಗೆ ಬಟ್ಟೆ ಗಂಟಿನಲ್ಲಿ ಕಟ್ಟಿಟ್ಟ ನಾಣ್ಯಗಳು. ಅಜ್ಜ ಮೊದಲು ಹಾಯಿ ಮಚವೆಯಲ್ಲಿ ಹೋಗುತ್ತಿದ್ದರು, ಆಮೇಲೆ ಮೀನಿಗೆ. ಅವರು ಹೋಗಿ ಇಪ್ಪತ್ತು ವರ್ಷವಾಯಿತು, ಕೇಳೋಣವೆಂದರೆ ಯಾರೂ ಇಲ್ಲ. ಅಜ್ಜಿ ಇದ್ದಾರೆ, ಆದರೆ "ಎಂತದೋ ಚಿಲ್ಲರೆ ಅದು" ಅಂತಾರೆ ಅಷ್ಟೇ.

ಲೆಕ್ಕ ಹೀಗಿದೆ. ನಡುವೆ ದೊಡ್ಡ ತೂತಿರುವ ತಾಮ್ರದ ಕಾಸು ಒಂಬತ್ತು. ಬೆಳ್ಳಿ ರೂಪಾಯಿ ನಾಲ್ಕು, ಎರಡರಲ್ಲಿ ರಾಣಿ, ಎರಡರಲ್ಲಿ ರಾಜ. ಆರು ನಾಣ್ಯದ ಮೇಲೆ "ಎಸ್ತಾದೊ ದಾ ಇಂಡಿಯಾ" ಅಂತ ಇದೆ, ಅಕ್ಷರ ಇಂಗ್ಲಿಷಿನದು, ಭಾಷೆ ಇಂಗ್ಲಿಷಲ್ಲ. ಆನೆ ದಂತದ ಚಿತ್ರ ಇರುವ ತೂತಿನ ನಾಣ್ಯ ಎರಡು. ಇನ್ನು ಉಳಿದದ್ದೆಲ್ಲ ನಮ್ಮದೇ ನಯೇ ಪೈಸೆ. ಜೊತೆಗೆ ಹೇರ್‌ಪಿನ್ನಿನಂತೆ ಮಡಚಿದ ಒಂದು ಬೆಳ್ಳಿ ತಂತಿ, ಅದು ನಾಣ್ಯ ಅಲ್ಲ ಬಿಡಿ, ಗಾಳದ ಜೊತೆ ಸೇರಿಕೊಂಡಿರಬೇಕು.

ಇವಕ್ಕೆ ಬೆಲೆ ಏನಾದರೂ ಇದೆಯಾ? ಹೇಗೆ ಇಡಬೇಕು?

ಪಾವಲಿ
ಮೊದಲು ಒಂದು ಮಾತು, ಉಳಿದದ್ದೆಲ್ಲ ಆಮೇಲೆ. ತೊಳೆಯಬೇಡ. ಹುಣಸೆಹಣ್ಣು ಬೇಡ, ಲಿಂಬೆ ಬೇಡ, ಬೂದಿ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಹೇಗಿದೆಯೋ ಹಾಗೇ ಇಟ್ಟು ಎರಡೂ ಕಡೆಯ ಫೋಟೋ ಹಾಕು.

ಕೋಡಿಬಾಗ್ ಹುಡುಗ
ಪಾವಲಿ ಸರ್, ತಡವಾಯಿತು. ಅತ್ತೆ ನಿನ್ನೆಯೇ ಎರಡು ರೂಪಾಯಿಯನ್ನು ಮುರುಗಲು ಸಿಪ್ಪೆಯಲ್ಲಿ ತಿಕ್ಕಿ ಫಳಫಳ ಮಾಡಿಟ್ಟಿದ್ದಾರೆ. ದೇವರ ಪಾತ್ರೆ ತೊಳೆಯುವಾಗ ಜೊತೆಗೆ ಹಾಕಿದರಂತೆ. ಅವರಿಗೆ ಖುಷಿಯೋ ಖುಷಿ.

ಪಾವಲಿ
ಸರ್ ಬೇಡ, ಅಣ್ಣ ಅಂದರೆ ಸಾಕು. ಅತ್ತೆಗೆ ಬೈಯಬೇಡ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಕಥೆ. ಆದರೆ ಉಳಿದ ಎರಡನ್ನು ಅವರ ಕೈಗೆ ಸಿಗದ ಹಾಗೆ ಇಡು.

ಯಾಕೆ ಅಂತ ಹೇಳುತ್ತೇನೆ. ನೂರು ವರ್ಷದಲ್ಲಿ ನಾಣ್ಯದ ಮೈಮೇಲೆ ಒಂದು ತೆಳು ಪದರ ಕೂರುತ್ತದೆ. ಬೆಳ್ಳಿಯಾದರೆ ಕಪ್ಪು, ತಾಮ್ರವಾದರೆ ಕಂದು. ಅದು ಕೊಳೆ ಅಲ್ಲ. ಹುಳಿ ಹಾಕಿ ತಿಕ್ಕಿದರೆ ಪದರದ ಜೊತೆ ಲೋಹವೂ ಸ್ವಲ್ಪ ಹೋಗುತ್ತದೆ, ರಾಣಿಯ ಕೂದಲಿನ ಗೆರೆ, ಕಿರೀಟದ ಮಣಿ ಎಲ್ಲ ಮಾಸುತ್ತವೆ. ಸಂಗ್ರಹ ಮಾಡುವವರು ಭೂತಗನ್ನಡಿ ಇಟ್ಟ ತಕ್ಷಣ ಗೀರು ಕಾಣುತ್ತದೆ, ಬೆಲೆ ಅರ್ಧಕ್ಕೆ ಇಳಿಯುತ್ತದೆ. ಹಸಿರು ಪುಡಿಪುಡಿ ಕಿಲುಬು ಮಾತ್ರ ಬೇರೆ, ಅದು ತಿನ್ನುತ್ತಾ ಹೋಗುತ್ತದೆ. ಅಂಥದ್ದಿದ್ದರೆ ಬ್ಯಾಟರಿ ನೀರಿನಲ್ಲಿ, ಅಂದರೆ ಬಟ್ಟಿ ಇಳಿಸಿದ ನೀರಿನಲ್ಲಿ, ದಿನಗಟ್ಟಲೆ ನೆನೆಸಿಡು, ನೀರು ಬದಲಿಸುತ್ತಾ ಇರು. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಅಂತಲೇ ಹೇಳಿ ತಾ, ತಪ್ಪಿ ಆಸಿಡ್ ತಂದುಬಿಟ್ಟೀಯ.

ಹೊನ್ನಾವರ ಟೀಚರ್
ನನ್ನ ತಪ್ಪೂ ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ ಪೇಟೆಯಿಂದ ಚಂದದ ಪ್ಲಾಸ್ಟಿಕ್ ಆಲ್ಬಂ ತಂದು ಎಲ್ಲ ನಾಣ್ಯ ಜೋಡಿಸಿದೆ. ಎರಡು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಪ್ರತಿ ನಾಣ್ಯದ ಮೇಲೂ ಅಂಟಂಟು ಹಸಿರು ಲೋಳೆ! ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲು ಹಾಕುವ ರಾಸಾಯನಿಕ ಹೊರಗೆ ಬರುತ್ತದೆ, ನಮ್ಮ ಕರಾವಳಿಯ ಸೆಕೆಗೆ ಇನ್ನೂ ಬೇಗ. ಶುದ್ಧ ಅಸಿಟೋನ್‌ನಲ್ಲಿ ಅದ್ದಿ ಲೋಳೆ ತೆಗೆದೆ, ಆದರೆ ಕಲೆ ಉಳಿಯಿತು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ವಾಸನೆ ಏನೇನೋ ಇರುತ್ತದೆ.

ಈಗ ರಟ್ಟಿನ ಚೌಕದ ನಡುವೆ ತೆಳು ಹಾಳೆ ಇರುವ ಹೋಲ್ಡರ್‌ನಲ್ಲಿ ಹಾಕಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪೊಟ್ಟಣವನ್ನು ನಮ್ಮ ಮನೆಯಲ್ಲಿ ಯಾರೂ ಬಿಸಾಡುವ ಹಾಗಿಲ್ಲ. ಇನ್ನೊಂದು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ. ಅದರಲ್ಲಿ ಗಂಧಕ ಇದೆ, ಬೆಳ್ಳಿಯ ಮೇಲೆ ಕಪ್ಪು ಬಳೆ ಮೂಡುತ್ತದೆ.

ಚಿಲ್ಲರೆ ದಾಂಡೇಲಿ
ರೇಟು ಎಷ್ಟು ಅಂತ ಯಾರೂ ಹೇಳ್ತಾ ಇಲ್ವಲ್ಲಾ. ಯೂಟ್ಯೂಬಲ್ಲಿ ತೂತಿನ ಕಾಸಿಗೆ 5 ಲಕ್ಷ ಅಂತ ತೋರಿಸ್ತಾರೆ, ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ 10 ಲಕ್ಷ. ನನ್ನ ಹತ್ತಿರ ಎರಡೂ ಇದೆ. ಹಾಗಾದರೆ ನಾನು ಕಾಲೇಜು ಬಿಡಬಹುದಾ?

ಪಾವಲಿ
ಕಾಲೇಜು ಬಿಡಬೇಡ ಮಾರಾಯಾ. ತೂತಿನ ಕಾಸು 1943ರಿಂದ 1947ರವರೆಗೆ ಬಂದದ್ದು. ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ, ಅದಕ್ಕೇ ನಡುವೆ ತೂತು. ಕೋಟಿಗಟ್ಟಲೆ ಹೊಡೆದಿದ್ದಾರೆ. ನಮ್ಮಜ್ಜಿ ಅದನ್ನು ದಾರಕ್ಕೆ ಪೋಣಿಸಿ ಮೊಳೆಗೆ ನೇತುಹಾಕುತ್ತಿದ್ದರು, ಕೆಲವರು ಬೋಲ್ಟಿಗೆ ವಾಷರ್ ಮಾಡಿಕೊಂಡರು. ಸಾಧಾರಣ ಸ್ಥಿತಿಯಲ್ಲಿದ್ದರೆ ಒಂದು ಊಟದ ದುಡ್ಡೂ ಸಿಗುವುದಿಲ್ಲ. ವೈಷ್ಣೋದೇವಿ ನಾಣ್ಯ 2012ರದ್ದು, ಚಲಾವಣೆಯಲ್ಲಿದೆ. ಅದಕ್ಕೆ ಐದು ರೂಪಾಯಿಯ ಚಹಾ ಸಿಕ್ಕರೆ ಕುಡಿ.

ಗೋಕರ್ಣ ರೋಡ್
ಈ ಲಕ್ಷದ ಕಥೆಯಲ್ಲಿ ನಾನು ಬಿದ್ದಿದ್ದೇನೆ, ನಾಚಿಕೆ ಬಿಟ್ಟು ಬರೆಯುತ್ತೇನೆ. ಆನ್‌ಲೈನಿನಲ್ಲಿ ಖಡ್ಗಮೃಗದ 25 ಪೈಸೆಯ ಫೋಟೋ ಹಾಕಿದ್ದೆ. ಒಬ್ಬ ಫೋನ್ ಮಾಡಿ ಒಂದೂವರೆ ಲಕ್ಷ ಕೊಡುತ್ತೇನೆ ಅಂದ, ಬಹಳ ಮರ್ಯಾದೆಯಿಂದ ಮಾತಾಡಿದ, ಮೊದಲು ನೋಂದಣಿ ಅಂತ 750, ಆಮೇಲೆ ಜಿಎಸ್‌ಟಿ ಅಂತ 2,200, ಮೂರನೇ ಸಲ ರಿಸರ್ವ್ ಬ್ಯಾಂಕಿನ ಸರ್ಟಿಫಿಕೇಟ್ ಬೇಕು ಅಂತ ಮೊಹರು ಹಾಕಿದ ಕಾಗದವನ್ನೂ ಕಳಿಸಿ 6,000 ಕೇಳಿದಾಗ ಹೆಂಡತಿ ಫೋನ್ ಕಿತ್ತುಕೊಂಡಳು. ಹೋದದ್ದು ಹೋಯಿತು.

ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ಹಳೇ ನೋಟು ನಾಣ್ಯ ಕೊಳ್ಳುವ ಮಾರುವ ವ್ಯವಹಾರ ನಾವು ಮಾಡುವುದಿಲ್ಲ, ಯಾರಿಂದಲೂ ಶುಲ್ಕ ಕಮಿಷನ್ ಕೇಳುವುದಿಲ್ಲ, ಹಾಗೆ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳುವವನು ನಮ್ಮಿಂದಲೇ ದುಡ್ಡು ಕೇಳಿದರೆ ಅವನು ಕೊಳ್ಳುವವನಲ್ಲ.

ಚಿಲ್ಲರೆ ದಾಂಡೇಲಿ
ಅಯ್ಯೋ. ಸರಿ ಬಿಡಿ, ಕಾಲೇಜಿಗೆ ಹೋಗುತ್ತೇನೆ. ಇನ್ನೊಂದು ಕೇಳಲಾ? ನನ್ನ ಹತ್ತಿರ ಆನೆ ಚಿತ್ರದ ತಾಮ್ರದ ದುಡ್ಡು ಇದೆ, ಟಿಪ್ಪುದಂತೆ. ಅಂತರ್ಜಾಲದಲ್ಲಿ ಅರಬ್ಬಿ ಅಂಕಿಯ ಪಟ್ಟಿ ನೋಡಿ ಇಸವಿ ಓದಿದೆ. 5121 ಅಂತ ಬರುತ್ತದೆ. ಇದು ಮುಂದಿನ ಕಾಲದ ನಾಣ್ಯವಾ?

ಹೊನ್ನಾವರ ಟೀಚರ್
ಹಹ್ಹಾ! ಬಲಗಡೆಯಿಂದ ಓದು ತಮ್ಮಾ, 1215. ಟಿಪ್ಪು ನಡುವೆ ಲೆಕ್ಕ ಬದಲಿಸಿ ಮೌಲೂದಿ ಶಕ ಅಂತ ತಂದ, ಅದರ ಜೊತೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಹೊಡೆಸಿದ. ಮೌಲೂದಿ 1215 ಅಂದರೆ ಸುಮಾರು 1787. ತಾಮ್ರದ ದುಡ್ಡಿಗೆಲ್ಲ ನಕ್ಷತ್ರ, ಗ್ರಹಗಳ ಹೆಸರಿಟ್ಟಿದ್ದ. ಒಂದು ಪೈಸೆಗೆ ಜೋಹ್ರಾ ಅಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಅಂದರೆ ಮಂಗಳ. ಆನೆಯ ಹಿಂದಿನ ಬದಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ, ಫೋಟೋ ಹಾಕು. "ನಗರ" ಅಂತ ಇದ್ದರೆ ಅದು ನಮ್ಮ ಘಟ್ಟದ ಮೇಲಿನ ಬಿದನೂರು. 1763ರಲ್ಲಿ ಹೈದರ ಗೆದ್ದು ಹೈದರನಗರ ಅಂತ ಹೆಸರಿಟ್ಟ ಊರು.

ಪಾವಲಿ
ಈಗ ಹುಡುಗನ ಡಬ್ಬಿಗೆ ವಾಪಸ್ ಬರೋಣ. ಫೋಟೋ ನೋಡಿದೆ.

ವಿಕ್ಟೋರಿಯಾ ರಾಣಿ ರೂಪಾಯಿ ಒಂದು 1862ರದ್ದು. ಇಸವಿ ನೋಡಿ ಎಲ್ಲರೂ ಹಾರಾಡುತ್ತಾರೆ, ಹಾರಬೇಡ. 1874ರವರೆಗೂ ಅದೇ 1862 ಇಟ್ಟುಕೊಂಡೇ ಹೊಡೆದರು, ಹಾಗಾಗಿ ಬೇಕಾದಷ್ಟು ಇವೆ. ಮೇಲೆ "ಕ್ವೀನ್" ಅಂತ ಇದ್ದರೆ ಹಳೇದು, "ಎಂಪ್ರೆಸ್" ಅಂತ ಇದ್ದರೆ 1877ರ ನಂತರದ್ದು. ರಾಜನದು ಐದನೇ ಜಾರ್ಜ್, 1912 ಮತ್ತು 1919. ಒಂದೇ ವರ್ಷ ಹಿಂದಿನದಾಗಿದ್ದರೆ ಮಜಾ ಇತ್ತು. 1911ರ ನಾಣ್ಯದಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು, ಜನ ಗಲಾಟೆ ಮಾಡಿದರು, ಸರ್ಕಾರ ಹಿಂದಕ್ಕೆ ತಗೊಂಡು ಮರುವರ್ಷ ಆನೆಯನ್ನು ತಿದ್ದಿತು. ಹಂದಿ ರೂಪಾಯಿ ಅಂತಲೇ ಹೆಸರು.

ದಂತದ ಚಿತ್ರ ಇರುವ ತೂತಿನದು ಪೂರ್ವ ಆಫ್ರಿಕಾದ ಹತ್ತು ಸೆಂಟು. ಕೀನ್ಯಾ, ಉಗಾಂಡಾ, ಟಾಂಗಾನಿಕಾ ಕಡೆ ಓಡುತ್ತಿದ್ದದ್ದು. ಅಲ್ಲಿ 1920ರ ತನಕ ನಮ್ಮ ರೂಪಾಯಿಯೇ ನಡೆಯುತ್ತಿತ್ತು, ಆಮೇಲೆ ಶಿಲ್ಲಿಂಗ್ ಬಂತು. ನಿಮ್ಮ ಕುಟುಂಬದಲ್ಲಿ ಯಾರಾದರೂ ಮೊಂಬಾಸಾ ಹೋಗಿದ್ದರಾ?

ಕೋಡಿಬಾಗ್ ಹುಡುಗ
ಅಜ್ಜಿಯನ್ನು ಕೇಳಿದೆ ಅಣ್ಣ. ಅಜ್ಜನ ದೊಡ್ಡಣ್ಣ "ಆಫ್ರಿಕಕ್ಕೆ ಅಡುಗೆ ಕೆಲಸಕ್ಕೆ" ಹೋಗಿದ್ದರಂತೆ! ನಮಗ್ಯಾರಿಗೂ ಇದು ಗೊತ್ತೇ ಇರಲಿಲ್ಲ. ಅಪ್ಪ ಕೂಡ ಮೊದಲ ಸಲ ಕೇಳಿದ್ದು.

ಹೊನ್ನಾವರ ಟೀಚರ್
ನೋಡಿದಿರಾ. ಹಾಗಾದರೆ "ಎಸ್ತಾದೊ ದಾ ಇಂಡಿಯಾ" ಬಗ್ಗೆ ನಾನು ಬರೆಯುತ್ತೇನೆ. ಅದು ಪೋರ್ಚುಗೀಸರ ಗೋವಾದ ನಾಣ್ಯ. ಫೋಟೋದಲ್ಲಿರುವುದು 30 ಸೆಂತಾವೊ, 60 ಸೆಂತಾವೊ ಮತ್ತು 1 ಎಸ್ಕುಡೊ, 1958-59ರವು. ಈ 30, 60 ಎಂಥ ವಿಚಿತ್ರ ಲೆಕ್ಕ ಅನಿಸುತ್ತದೆ ಅಲ್ವಾ? ಗೋವಾದಲ್ಲಿ ಮೊದಲು ರುಪಿಯಾ ಇತ್ತು, ಒಂದು ರುಪಿಯಾಕ್ಕೆ 16 ತಾಂಗಾ, ಥೇಟ್ ನಮ್ಮ ಹದಿನಾರಾಣೆ. 1958ರಲ್ಲಿ ಅದನ್ನು ತೆಗೆದು ಒಂದು ರುಪಿಯಾಕ್ಕೆ 6 ಎಸ್ಕುಡೊ, ಒಂದು ಎಸ್ಕುಡೊಗೆ 100 ಸೆಂತಾವೊ ಅಂತ ಮಾಡಿದರು. ಜನರ ತಲೆಯಲ್ಲಿ ರುಪಿಯಾ ಲೆಕ್ಕವೇ ಇತ್ತಲ್ಲ, ಅದಕ್ಕೇ 6 ಎಸ್ಕುಡೊ ನಾಣ್ಯ ಒಂದು ರುಪಿಯಾ, 3 ಎಸ್ಕುಡೊ ಎಂಟಾಣೆ, 60 ಸೆಂತಾವೊ ರುಪಿಯಾದ ಹತ್ತನೇ ಒಂದು ಪಾಲು. ಮೂರೇ ವರ್ಷದ ಬಾಳು ಅದರದ್ದು. 1961ರ ಡಿಸೆಂಬರ್ 19ಕ್ಕೆ ಗೋವಾ ನಮ್ಮದಾಯಿತು.

ಗೋಕರ್ಣ ರೋಡ್
ಒಂದು ನಿಮಿಷ ಅಕ್ಕಾ. 1955ರ ಗೋವಾ ಬಿಡುಗಡೆ ಸತ್ಯಾಗ್ರಹದ ಮೇಲೆ ಗಡಿ ಬಂದ್ ಆಗಿತ್ತಲ್ಲ? ಮಾಜಾಳಿಯಿಂದ ಆಚೆ ಯಾರನ್ನೂ ಬಿಡುತ್ತಿರಲಿಲ್ಲ, ಸಾಮಾನು ಅಂತೂ ಇಲ್ಲವೇ ಇಲ್ಲ. ಹಾಗಿದ್ದರೆ 58ರ ನಾಣ್ಯ ಕೋಡಿಬಾಗಕ್ಕೆ ಬಂದದ್ದು ಹೇಗೆ?

ಪಾವಲಿ
ಅಜ್ಜ ಮಚವೆಯಲ್ಲಿ ಹೋಗುತ್ತಿದ್ದರು ಅಂತ ಮೊದಲನೇ ಸಾಲಿನಲ್ಲೇ ಬರೆದಿದ್ದಾನೆ. ನಾನು ಇಷ್ಟೇ ಹೇಳುವುದು.

ಗೋಕರ್ಣ ರೋಡ್
ಅರ್ಥವಾಯಿತು, ಅರ್ಥವಾಯಿತು. ವಾಚು, ಬಟ್ಟೆ, ಬಂಗಾರ. ಆ ಕಾಲದಲ್ಲಿ ಈ ದಂಧೆ ಎಷ್ಟು ನಡೆದಿತ್ತು ಅಂತ ಕಡಲ ಬದಿಯ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ತಮ್ಮ ಮನೆಯವರ ಹೆಸರು ಮಾತ್ರ ಹೇಳುವುದಿಲ್ಲ.

ಹೊನ್ನಾವರ ಟೀಚರ್
ಸುಮ್ನೆ ಹುಡುಗನ ಅಜ್ಜನನ್ನು ಕಳ್ಳಸಾಗಣೆಗೆ ಸೇರಿಸಬೇಡಿ ಇಬ್ಬರೂ. 1961ರ ನಂತರ ಗಡಿ ತೆರೆದು ಆ ನಾಣ್ಯ ರದ್ದಾದಾಗ ಎಷ್ಟೋ ಚಿಲ್ಲರೆ ಹೀಗೇ ಈಚೆ ಬಂದಿರಬಹುದು. ಇನ್ನು ಅಂಜದೀವ್ ದ್ವೀಪವೂ ಇದೆ. ಬಿಣಗಾ ಎದುರಿಗೇ ಇದ್ದರೂ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ನವೆಂಬರಿನಲ್ಲಿ ಅಲ್ಲಿಂದಲೇ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದ್ದು. ಅದಕ್ಕೆ ಮುಂಚೆ ಮೀನಿಗೆ ಹೋದವರಿಗೆ ಅಲ್ಲಿಯ ಸೈನಿಕರ ಗುರುತು ಇದ್ದಿರಲೂಬಹುದು.

ಕೋಡಿಬಾಗ್ ಹುಡುಗ
ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿನ್ನಜ್ಜ ಒಂದು ಸಲ ಸೆಂಟಿನ ಬಾಟ್ಲಿ ತಂದುಕೊಟ್ಟಿದ್ದರು, ಎಲ್ಲಿಂದ ಅಂತ ನಾನು ಕೇಳಲಿಲ್ಲ" ಅಂದರು. ಅಷ್ಟೇ.

ಪಾವಲಿ
ನಾನು ಏನೂ ಹೇಳಲಿಲ್ಲ.

ಭಟ್ಕಳ 81
ಅಸ್ಸಲಾಮು ಅಲೈಕುಂ, ನಮಸ್ಕಾರ. ದುಬೈಯಿಂದ ಬರೆಯುತ್ತಿದ್ದೇನೆ. ಸಮುದ್ರದ ದುಡ್ಡಿನ ಮಾತು ಬಂದದ್ದಕ್ಕೆ ನನ್ನದೂ ಎರಡು ಸೇರಿಸುತ್ತೇನೆ. ನಮ್ಮ ನಾನಾ, ಅಂದರೆ ಅಮ್ಮನ ಅಪ್ಪ, ಬಿಟ್ಟುಹೋದದ್ದರಲ್ಲಿ ಒಂದು ಕೆಂಪು ಹತ್ತು ರೂಪಾಯಿ ನೋಟು ಇದೆ. ನೋಡಲು ನಮ್ಮ ರಿಸರ್ವ್ ಬ್ಯಾಂಕಿನದೇ, ಬಣ್ಣ ಮಾತ್ರ ಬೇರೆ, ನಂಬರ್ ಮುಂದೆ ಝಡ್ ಅಕ್ಷರ. ಇಲ್ಲಿ ಕುವೈತ್, ಬಹರೇನ್, ದುಬೈ, ಒಮಾನಿನಲ್ಲೆಲ್ಲ ಭಾರತದ ರೂಪಾಯಿಯೇ ಓಡುತ್ತಿತ್ತು. ಭಾರತಕ್ಕೆ ಬಂಗಾರ ಕದ್ದು ಸಾಗಿಸಿ ರೂಪಾಯಿ ಪಡೆದು, ಅದನ್ನು ಬ್ಯಾಂಕಿನಲ್ಲಿ ವಿದೇಶಿ ಹಣಕ್ಕೆ ಬದಲಿಸಿಕೊಳ್ಳುವುದು ವಿಪರೀತವಾದ್ದರಿಂದ 1959ರಲ್ಲಿ ಇಲ್ಲಿಗೇ ಅಂತ ಬೇರೆ ನೋಟು ಮಾಡಿದರು. ಒಮಾನಿನ ಚಿಲ್ಲರೆಗೆ ಈಗಲೂ "ಬೈಸಾ" ಅನ್ನುತ್ತಾರೆ, ಅದು ನಮ್ಮ ಪೈಸೆಯೇ.

ಇನ್ನೊಂದು ದೊಡ್ಡ ಬೆಳ್ಳಿ ನಾಣ್ಯ, ಅಂಗೈ ತುಂಬುತ್ತದೆ. ಸೆರಗು ಹೊದ್ದ ದಪ್ಪ ಹೆಂಗಸು, 1780 ಅಂತ ಇಸವಿ. ಮಸ್ಕತ್ತಿನ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ನಾನಾ ಕೊಂಡದ್ದಂತೆ. ಇನ್ನೂರು ವರ್ಷದ್ದಾ ಇದು?

ಪಾವಲಿ
ವಾ, ಮಾರಿಯಾ ತೆರೇಸಾ ಥಾಲರ್! ಆಸ್ಟ್ರಿಯಾದ ರಾಣಿ. ಅವಳು ಸತ್ತದ್ದು 1780ರಲ್ಲಿ, ನಾಣ್ಯ ಹೊಡೆಯುವುದು ಮಾತ್ರ ನಿಲ್ಲಲಿಲ್ಲ. ಅರಬಸ್ಥಾನ, ಇಥಿಯೋಪಿಯಾದ ವ್ಯಾಪಾರಿಗಳಿಗೆ ಆ ಮುಖ, ಆ ಇಸವಿ ಇದ್ದರೇ ನಂಬಿಕೆ. ಬೇರೆ ಮುಖ ಇದ್ದರೆ ಮುಟ್ಟುತ್ತಿರಲಿಲ್ಲ. ಹಾಗಾಗಿ ವಿಯೆನ್ನಾ, ರೋಮ್, ಲಂಡನ್, ಮುಂಬೈ ಟಂಕಸಾಲೆಯಲ್ಲೂ ಅದೇ 1780 ಹಾಕಿ ಹೊಡೆದರು. ನಿಮ್ಮದು ಯಾವ ಕಾಲದ್ದು ಅಂತ ರಾಣಿಯ ಸೆರಗಿನ ಪಿನ್ನಿನ ಮುತ್ತುಗಳು, ಗರುಡನ ರೆಕ್ಕೆ ಬಾಲ ಎಲ್ಲ ಹೋಲಿಸಿ ನೋಡಬೇಕು. ತೂಕ 28 ಗ್ರಾಂ ಚಿಲ್ಲರೆ ಬರಬೇಕು.

ಶೇಟ್ ಅಂಗಡಿ ಅಂಕೋಲಾ
ತೂಕದ ಮಾತು ಬಂತು, ಅದಕ್ಕೆ ನಾನು ಬಂದೆ. ಬ್ರಿಟಿಷ್ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನಮ್ಮಜ್ಜನ ಕಾಲದಲ್ಲಿ ಅದನ್ನೇ ತೂಕದ ಕಲ್ಲು ಮಾಡಿಕೊಂಡಿದ್ದರು. "ರೂಪಾಯಿ ತೂಕದ ಬಂಗಾರ" ಅನ್ನುವುದು ಅದಕ್ಕೇ. 80 ರೂಪಾಯಿ ತೂಕ ಅಂದರೆ ಒಂದು ಸೇರು. ನೂರಕ್ಕೆ 91.7 ಭಾಗ ಬೆಳ್ಳಿ. 1940ರ ನಂತರದ್ದರಲ್ಲಿ ಅರ್ಧಕ್ಕರ್ಧ ಮಾತ್ರ, 1947ರದ್ದರಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್.

ಖೋಟಾ ತುಂಬಾ ಬರುತ್ತಿದೆ. ನನಗೇ ಒಬ್ಬ 1939ರ ರೂಪಾಯಿ ಅಂತ ತಂದಿದ್ದ, ಅದು ಬಹಳ ಅಪರೂಪದ್ದು. ಅಂಚಿನಲ್ಲಿ ಅಚ್ಚಿನ ಜೋಡು ಗೆರೆ, ಮೈಮೇಲೆ ಗುಳ್ಳೆ, ಎರಕ ಹೊಯ್ದದ್ದು ಅಂತ ಕಂಡ ಕೂಡಲೇ ಗೊತ್ತಾಯಿತು. ಮನೆಯಲ್ಲೇ ಪರೀಕ್ಷೆ ಮಾಡುವುದಾದರೆ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನೀರಿನ ಲೋಟ ಅದರ ಮೇಲಿಟ್ಟು ಸೊನ್ನೆ ಮಾಡಿ. ದಾರ ಕಟ್ಟಿದ ರೂಪಾಯಿಯನ್ನು ತಳ ಮುಟ್ಟದ ಹಾಗೆ ಮುಳುಗಿಸಿ ಹಿಡಿಯಿರಿ. 1.13 ಗ್ರಾಂ ಆಸುಪಾಸು ತೋರಿಸಿದರೆ ಒಳ್ಳೇ ಬೆಳ್ಳಿ, 1.3 ದಾಟಿದರೆ ಹಿತ್ತಾಳೆಯೋ ಏನೋ ಬೇರೆ ಲೋಹ. ಅಯಸ್ಕಾಂತಕ್ಕೆ ಅಂಟಿದರಂತೂ ನೀರು ತರುವ ಕೆಲಸವೂ ಇಲ್ಲ.

ಇನ್ನೊಂದು ವಿಷಯ ಹೇಳಿ ಹೋಗುತ್ತೇನೆ. ಕಾರವಾರ ಕಡೆಯ ಹೆಂಗಸರು ಹಾಕುವ ಪುತಳಿ ಸರ ನೋಡಿದ್ದೀರಲ್ಲ, ದುಂಡು ಬಿಲ್ಲೆಗಳನ್ನು ಪೋಣಿಸಿದ್ದು. ಆ ಬಿಲ್ಲೆ ಮೂಲದಲ್ಲಿ ಇಟಲಿಯ ವೆನಿಸ್ ಪಟ್ಟಣದ ಚಿನ್ನದ ನಾಣ್ಯ, ಡುಕಾಟ್ ಅಂತ. ಅದರಲ್ಲಿ ಒಬ್ಬ ಸಂತ ನಿಂತಿದ್ದಾನೆ, ಎದುರಿಗೆ ವೆನಿಸ್ಸಿನ ದೊರೆ ಮಂಡಿಯೂರಿದ್ದಾನೆ. ನಮ್ಮ ಜನಕ್ಕೆ ಅದು ಎರಡು ಗೊಂಬೆ ಹಾಗೆ ಕಂಡಿತು, ಪುತಳಿ ಅಂದರು. ಮೆಣಸು ಕೊಂಡು ಹೋದವರು ಕೊಟ್ಟ ದುಡ್ಡು ಕೊರಳಿಗೆ ಬಂತು. ನಮ್ಮ ಅಚ್ಚಿನಲ್ಲಿ ಈಗ ಗೊಂಬೆಗಳು ಎಷ್ಟು ಸವೆದಿವೆ ಅಂದರೆ ಸಂತ ಯಾರು, ದೊರೆ ಯಾರು ಅಂತ ನನಗೂ ಹೇಳಲು ಬರುವುದಿಲ್ಲ.

ತೋಟದಮನೆ ಸಿದ್ದಾಪುರ
ಇದು ಚಂದ ಇತ್ತು ಶೇಟ್ರೇ. ನನ್ನದೊಂದು ಪ್ರಶ್ನೆ, ಬೇರೆಯವರ ಪರವಾಗಿ. ಅಡಿಕೆ ತೋಟದಲ್ಲಿ ಕಾಲುವೆ ತೆಗೆಯುವಾಗ ಮಡಕೆ ಸಿಕ್ಕಿ, ಅದರಲ್ಲಿ ಸಣ್ಣ ಸಣ್ಣ ಚಿನ್ನದ ಹಣ ಇದ್ದರೆ ಏನು ಮಾಡಬೇಕು? ನನಗೆ ಸಿಕ್ಕಿಲ್ಲ, ಮೊದಲೇ ಹೇಳುತ್ತೇನೆ. ನನ್ನ ಹತ್ತಿರ ಇರುವುದು 1818ರ ಈಸ್ಟ್ ಇಂಡಿಯಾ ಕಂಪನಿಯ ಹನುಮಂತನ ನಾಣ್ಯ ಮಾತ್ರ, ಅದು ಅಕ್ಕಿಕಾಳನ್ನು ಎಳೆಯುತ್ತದೆ ಅಂತ ಕೊಟ್ಟವನು ಹೇಳಿದ್ದ. ಈವರೆಗೆ ಎಳೆದಿಲ್ಲ.

ಪಾವಲಿ
ಎಳೆಯುವುದು ನಿಮ್ಮ ಜೇಬನ್ನು ಮಾತ್ರ ಹೆಗಡೇರೇ. ಕಂಪನಿ ರಾಮನದಾಗಲಿ ಹನುಮಂತನದಾಗಲಿ ಅಂಥ ನಾಣ್ಯ ಹೊಡೆಸಲೇ ಇಲ್ಲ. 1616, 1717, 1818 ಅಂತ ಬಾಯಿಗೆ ಬಂದ ಇಸವಿ ಹಾಕಿ ಈಚೆಗೆ ಮಾಡಿದ ಬಿಲ್ಲೆ ಅದು. ದೇವರ ಕೋಣೆಯಲ್ಲಿಡಿ, ತೊಂದರೆಯಿಲ್ಲ. ಅಕ್ಕಿ ಎಳೆಯುವ ತಾಮ್ರ ಅಂತ ಹೇಳಿ ಮನೆ ಅಡವಿಡಿಸಿದವರು ನಮ್ಮ ರಾಜ್ಯದಲ್ಲಿ ಬಹಳ ಇದ್ದಾರೆ.

ಮಡಕೆ ವಿಷಯ ತಮಾಷೆಯಲ್ಲ. ಭೂಮಿಯಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾಯ್ದೆ 1878ರಿಂದ ಇದೆ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಹೇಳಬೇಕು, ಮುಚ್ಚಿಟ್ಟರೆ ಜೈಲು. ಕರಗಿಸಿದರಂತೂ ಎರಡು ನಷ್ಟ, ಕೇಸೂ ಆಗುತ್ತದೆ, ಚರಿತ್ರೆಯೂ ಹೋಗುತ್ತದೆ. ಯಾವ ಹಣ ಯಾವುದರ ಜೊತೆ, ಎಷ್ಟು ಆಳದಲ್ಲಿ ಸಿಕ್ಕಿತು ಅನ್ನುವುದರಿಂದಲೇ ಅರ್ಧ ವಿಷಯ ತಿಳಿಯುವುದು.

ಹೊನ್ನಾವರ ಟೀಚರ್
ಹೌದು. ನಮ್ಮ ಕಾರವಾರದ ಹೆಸರು ನಾಣ್ಯದ ಪುಸ್ತಕಗಳಲ್ಲಿ ಬರುವುದೇ ಹಾಗೆ. ಚುಟುಕುಲಾನಂದ ಅನ್ನುವ ರಾಜನ ಸೀಸದ ನಾಣ್ಯಗಳು ಕಾರವಾರದಲ್ಲಿ ಸಿಕ್ಕಿವೆ. ದೊಡ್ಡವು, ಭಾರದವು, ಒಂದು ಬದಿ ಕಮಾನು ಕಮಾನಾಗಿ ಬೆಟ್ಟ, ಇನ್ನೊಂದು ಬದಿ ಬೇಲಿಯೊಳಗೆ ಮರ, ಸುತ್ತ ಬ್ರಾಹ್ಮಿ ಅಕ್ಷರ. ಶಾತವಾಹನರ ಆಸುಪಾಸಿನ ಕಾಲದವು. ಸೀಸ ಅಂತ ಯಾರಾದರೂ ಕರಗಿಸಿ ಬಲೆಗೆ ಗುಂಡು ಮಾಡಿಬಿಟ್ಟಿದ್ದರೆ ಆ ರಾಜನ ಹೆಸರೇ ನಮಗೆ ಸಿಗುತ್ತಿರಲಿಲ್ಲವೇನೋ. ಕೋಡಿಬಾಗ್ ತಮ್ಮಾ, ನಿಮ್ಮಜ್ಜನ ಡಬ್ಬಿಯ ಆ ಸೀಸದ ಗುಂಡನ್ನೂ ಒಮ್ಮೆ ತಿರುಗಿಸಿ ನೋಡು!

ಕೋಡಿಬಾಗ್ ಹುಡುಗ
ನೋಡಿದೆ ಟೀಚರ್, ಅದು ಬರೀ ಗುಂಡು. ಆದರೆ ಡಬ್ಬಿ ಮತ್ತೆ ತೆಗೆದದ್ದಕ್ಕೆ ಇನ್ನೊಂದು ಕೇಳುತ್ತೇನೆ. ಮೊದಲು ಹೇಳಿದ್ದೆನಲ್ಲ, ಹೇರ್‌ಪಿನ್ ಹಾಗಿರುವ ತಂತಿ. ತಮ್ಮ ಅದನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಲು ಹೊರಟಿದ್ದ, ಬಿಸಿಲಿಗೆ ಹಿಡಿದಾಗ ಒಂದು ಕಡೆ ಚಪ್ಪಟೆಯಾದ ಜಾಗದಲ್ಲಿ ಏನೋ ಗೀಚಿದ ಹಾಗೆ ಕಂಡಿತು. ಫೋಟೋ ಹಾಕಿದ್ದೇನೆ, ಸ್ವಲ್ಪ ಮಸುಕು.

ಪಾವಲಿ
ಇಕ್ಕಳ ಕೆಳಗಿಡು!!

ಪಾವಲಿ
ತಮ್ಮನ ಕೈಯಿಂದ ಮೊದಲು ಇಸಿದುಕೋ. ತೂಕ ಎಷ್ಟು? ಉದ್ದ ಎಷ್ಟು? ಎರಡೂ ಕಾಲಿನ ಮೇಲೆ ಮುದ್ರೆ ಇದೆಯಾ?

ಕೋಡಿಬಾಗ್ ಹುಡುಗ
ಪಕ್ಕದ ಅಂಗಡಿಯಲ್ಲಿ ತೂಗಿಸಿದೆ, 4.7 ಗ್ರಾಂ. ನನ್ನ ಕಿರುಬೆರಳಿನಷ್ಟು ಉದ್ದ. ಎರಡೂ ಕಡೆ ಗೀರು ಇದೆ, ಉರ್ದು ಅಕ್ಷರದ ತುಂಡಿನ ಹಾಗೆ. ಎಂತ ಇದು ಅಣ್ಣ?

ಪಾವಲಿ
ನನ್ನ ಕೈ ನಡುಗುತ್ತಿದೆ, ನಿಧಾನ ಬರೆಯುತ್ತೇನೆ. ಇದು ಲಾರಿ. ಗಾಡಿಯ ಲಾರಿ ಅಲ್ಲ, ಪರ್ಶಿಯಾದ ಲಾರ್ ಅನ್ನುವ ಪಟ್ಟಣದಿಂದ ಬಂದ ಹೆಸರು. ಬೆಳ್ಳಿ ತಂತಿಯನ್ನು ಮಡಚಿ ಎರಡು ಕಡೆ ಠಸೆ ಹೊಡೆದದ್ದೇ ನಾಣ್ಯ. ಹದಿನಾರು, ಹದಿನೇಳನೇ ಶತಮಾನದಲ್ಲಿ ಹೊರ್ಮುಜ್‌ನಿಂದ ನಮ್ಮ ಪಡುವಣ ಕರಾವಳಿ, ಮಾಲ್ಡೀವ್ಸ್, ಸಿಂಹಳದವರೆಗೆ ಓಡಿದ ದುಡ್ಡು. ಸಿಂಹಳದಲ್ಲಿ ಇದನ್ನೇ ಮೀನಿನ ಗಾಳದ ಆಕಾರಕ್ಕೆ ಬಗ್ಗಿಸುತ್ತಿದ್ದರು. ಬಿಜಾಪುರದ ಎರಡನೇ ಅಲಿ ಆದಿಲ್ ಶಾಹ, 1656ರಿಂದ 1672, ಅವನೂ ತನ್ನ ಹೆಸರಿನಲ್ಲಿ ಲಾರಿ ಹೊಡೆಸಿದ. ಆಗ ಕಾರವಾರ ಬಿಜಾಪುರಕ್ಕೇ ಸೇರಿತ್ತು, 1638ರಲ್ಲೇ ಇಂಗ್ಲಿಷರ ವ್ಯಾಪಾರದ ಕೋಠಿ ಬಂದಿತ್ತು, ಮೆಣಸಿಗೆ. ತೂಕವೂ ಸರಿಯಾಗಿ ಹೊಂದುತ್ತದೆ.

ಯಾರದ್ದು ಅಂತ ಫೋಟೋದಿಂದ ಹೇಳಲಾರೆ. ಮುದ್ರೆ ತಂತಿಗಿಂತ ದೊಡ್ಡದಿರುತ್ತದೆ, ಹಾಗಾಗಿ ಅಕ್ಷರದ ಚೂರು ಮಾತ್ರ ಬೀಳುತ್ತದೆ. ಕೈಯಲ್ಲಿ ಹಿಡಿದು ನೋಡಬೇಕು.

ಶೇಟ್ ಅಂಗಡಿ ಅಂಕೋಲಾ
ಇಂಥವು ಎಷ್ಟು ನಮ್ಮ ಕುಲುಮೆಗೆ ಹೋಗಿವೆಯೋ ದೇವರಿಗೇ ಗೊತ್ತು. ತಂತಿ ಅಂತಲೇ ತರುತ್ತಿದ್ದರು, ತಂತಿ ಅಂತಲೇ ಕರಗಿಸುತ್ತಿದ್ದೆವು. ಇವತ್ತು ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಭಟ್ಕಳ 81
ನನ್ನ ಗೆಳೆಯನೊಬ್ಬ ಲಿಸ್ಬನ್‌ನಲ್ಲಿದ್ದಾನೆ, ಗೋವಾದ ನಾಣ್ಯ ಅಂದರೆ ಪ್ರಾಣ. ಎಸ್ಕುಡೊ ಎರಡು ಕೊಟ್ಟರೆ ಬದಲಿಗೆ ಅಂಗೋಲಾ, ಮೊಜಾಂಬಿಕ್, ಮಕಾವ್ ನಾಣ್ಯ ಕಳಿಸುತ್ತಾನೆ. ಈ ಲಾರಿಯ ಫೋಟೋ ತೋರಿಸಿದರೆ ಅದನ್ನೂ ಕೇಳಬಹುದು.

ಹೊನ್ನಾವರ ಟೀಚರ್
ಎಸ್ಕುಡೊ ಬದಲಿ ಮಾಡಿಕೊಳ್ಳಲಿ. ಲಾರಿ ಮಾತ್ರ ದೇಶ ಬಿಡುವ ಹಾಗಿಲ್ಲ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಹೊರಗೆ ಕಳಿಸುವುದು ಅಪರಾಧ. ರಾಣಿ ರೂಪಾಯಿಗೂ ಇದೇ ನಿಯಮ. ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಕೋಡಿಬಾಗ್ ಹುಡುಗ
ಇಲ್ಲ ಟೀಚರ್, ಕೊಡುವುದಿಲ್ಲ. ಅಜ್ಜಿಗೆ ಹೇಳಿದೆ, ಇದು ನಾನೂರು ವರ್ಷದ ಹತ್ತಿರದ ದುಡ್ಡು ಅಂತ. ನಂಬಲಿಲ್ಲ. ಅಜ್ಜನ ಬಲೆಗೆ ಇದು ಸಿಕ್ಕಿಕೊಂಡು ಬಂದದ್ದಂತೆ, ಕಾಳಿ ಹೊಳೆ ಸಮುದ್ರಕ್ಕೆ ಸೇರುವಲ್ಲಿ, ಸದಾಶಿವಗಡದ ಕೆಳಗೆ. "ಅದನ್ನು ನಾನು ಎಷ್ಟು ಸಲ ಕಿವಿ ಕೆರೆದುಕೊಳ್ಳಲು ತಗೊಂಡಿದ್ದೆ" ಅಂದರು.

ತೋಟದಮನೆ ಸಿದ್ದಾಪುರ
ಮಿಕ್ಕಿದ್ದೆಲ್ಲ ಬಿಡಿ, ಅಜ್ಜಿಯ ಮಾತನ್ನು ಹೋಲ್ಡರ್ ಮೇಲೆ ಬರೆದಿಡಿ.

ಪಾವಲಿ
ತಮಾಷೆಯಲ್ಲ, ನಿಜವಾಗಿ ಬರೆದಿಡು. ಎಲ್ಲಿ ಸಿಕ್ಕಿತು, ಯಾರಿಗೆ, ಯಾರು ಹೇಳಿದ್ದು. ನೀರಿನಲ್ಲಿ ಸಿಕ್ಕಿದ್ದಕ್ಕೆ ಕಾಯ್ದೆ ಏನು ಹೇಳುತ್ತದೆ ಅಂತಲೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಬಿಡು, ಮನಸ್ಸಿಗೆ ನಿರಾಳ. ಬರುವ ಭಾನುವಾರ ನಾನು ಶಿರಸಿಯಿಂದ ಕುಮಟಾಕ್ಕೆ ಬರುತ್ತಿದ್ದೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲಾದರೂ ಕೂರೋಣ, ಹತ್ತೂವರೆಗೆ. ನನ್ನ ಹತ್ತಿರ ಎರಡೆರಡು ಇರುವ ಮಲಾಯದ ಚೌಕ ಸೆಂಟು, ಸಿಲೋನಿನ ಅಲೆ ಅಂಚಿನದು ತರುತ್ತೇನೆ, ಬದಲಿಗೆ ತೂತಿನ ಕಾಸು ಸಾಕು.

ಹೊನ್ನಾವರ ಟೀಚರ್
ನಾನು ಬರುತ್ತೇನೆ, ಭೂತಗನ್ನಡಿ ತರುತ್ತೇನೆ.

ಶೇಟ್ ಅಂಗಡಿ ಅಂಕೋಲಾ
ತಕ್ಕಡಿ ನನ್ನದು.

ಕೋಡಿಬಾಗ್ ಹುಡುಗ
ಅಜ್ಜಿಯೂ ಬರುತ್ತಾರಂತೆ. ಅಂಕೋಲೆಯ ಶೇಟ್ರು ಯಾರ ಮನೆಯವರು ಅಂತ ಕೇಳುತ್ತಿದ್ದಾರೆ.

ಚಿಲ್ಲರೆ ದಾಂಡೇಲಿ
ಮೊದಲ ಬಸ್ಸಿಗೆ ಹೊರಟರೂ ಹತ್ತೂವರೆಗೆ ಮುಟ್ಟುವುದಿಲ್ಲ, ಸ್ವಲ್ಪ ಕಾಯಿರಿ. 5121 ಇಸವಿಯ ನಾಣ್ಯ ತರುತ್ತೇನೆ. ತೊಳೆದಿಲ್ಲ.